ಪಕ್ಕದ ಸೀಟಿನ ಪರಿಮಳ

ಕಾರಿನ ಬಾಗಿಲು ತೆಗೆದ ಕೂಡಲೇ ಆ ವಾಸನೆ ಅವಳ ಮೂಗಿಗೆ ಬಡಿಯಿತು.

ಸಿಹಿ ವಾಸನೆ. ಹೂವಿನದಲ್ಲ, ಹಣ್ಣಿನದೂ ಅಲ್ಲ. ಸಕ್ಕರೆ ಪಾಕ ಇನ್ನೇನು ಕಂದು ಬಣ್ಣಕ್ಕೆ ತಿರುಗಬೇಕು ಅನ್ನುವಾಗ ಏಳುವ ಆವಿಯ ಹಾಗೆ. ಅದರ ಬೆನ್ನಿಗೇ ಔಷಧಿ ಸೀಸೆಯ ಮುಚ್ಚಳ ತೆಗೆದಂಥ ಒಂದು ತೆಳ್ಳನೆಯ ಎಳೆ. ಅವಳು ಬಾಗಿಲು ಹಿಡಿದುಕೊಂಡೇ ನಿಂತಳು.

ಬೇಕರಿಯಲ್ಲಿ ಕೇಕು ಮಾಡುವವಳ ಮೂಗು ಅದು. ಪಕ್ಕದ ಕೋಣೆಯಲ್ಲಿ ನಿಂತು ಓವನ್‌ನಲ್ಲಿರುವ ಕೇಕು ಬೆಂದಿದೆಯೋ, ಇನ್ನೂ ಸ್ವಲ್ಪ ಬೇಕೋ ಎಂದು ಹೇಳುವ ಮೂಗು. ಬೆಣ್ಣೆ ಇಂದಿನದೋ ನಿನ್ನೆಯದೋ ಎಂದು ಪೊಟ್ಟಣ ಬಿಚ್ಚುವ ಮೊದಲೇ ಪತ್ತೆ ಹಚ್ಚುವ ಮೂಗು. ಅಂಥ ಮೂಗಿಗೆ ತನ್ನದೇ ಮನೆಯ ಕಾರಿನಲ್ಲಿ, ತಾನೇ ಕೂರುವ ಸೀಟಿನಲ್ಲಿ, ಗುರುತಿಲ್ಲದ ಪರಿಮಳವೊಂದು ಸಿಕ್ಕಿತ್ತು.

"ಏನು ಮಹಾರಾಣಿ, ಹತ್ತೋ ಯೋಚನೆ ಇದೆಯಾ? ಇಲ್ಲ ಬಾಗಿಲಿಗೆ ಕಾವಲಾ?" ಗಂಡ ಸ್ಟಿಯರಿಂಗ್ ಹಿಂದಿನಿಂದ ಬಗ್ಗಿ ನೋಡಿದ.

"ಏನೋ ವಾಸನೆ ಬರ್ತಿದೆ ರೀ."

"ನಿಂದೇ ಬರ್ತಿದೆ. ನಿನ್ನೆ ಕೇಕಿನದ್ದು."

"ನನ್ನ ವಾಸನೆ ನನಗೆ ಗೊತ್ತಿಲ್ವಾ?"

ಬೇರೆ ದಿನವಾಗಿದ್ದರೆ ಅದಕ್ಕೊಂದು ತರಲೆ ಉತ್ತರ ಬರುತ್ತಿತ್ತು. ಇಂದು ಅವನು ಥಟ್ಟನೆ ಮುಖ ಆಚೆ ತಿರುಗಿಸಿ, ಕಿಟಕಿಯ ಗಾಜು ಇಳಿಸಿದ. ಚಳಿಗಾಲದ ಬೆಳಿಗ್ಗೆ. ಹಿಂದಿನ ಸೀಟಿನಲ್ಲಿ ಮಗಳು ಟೋಪಿಯೊಳಗೆ ಮುದುರಿಕೊಂಡು "ಅಪ್ಪಾ, ಚಳಿ!" ಎಂದು ಕೂಗಿದರೂ ಗಾಜು ಏರಲಿಲ್ಲ.

ಕೂತು ಕಾಲು ಚಾಚಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಕಾಲ ಕೆಳಗೆ ಮ್ಯಾಟ್ ಇರಲಿಲ್ಲ.

"ಮ್ಯಾಟ್ ಎಲ್ಲಿ?"

"ತೊಳೆಯೋಕೆ ತೆಗೆದಿದ್ದೀನಿ."

ಕುಡಿದ ಕಾಫಿ ಲೋಟವನ್ನು ತೊಳೆಯುವುದಿರಲಿ, ಸಿಂಕ್‌ವರೆಗೆ ಸಾಗಿಸುವುದಕ್ಕೂ ಕೈ ಬಾರದ ಮನುಷ್ಯ. ಅವನು ಕಾರಿನ ಮ್ಯಾಟ್ ತೊಳೆಯುತ್ತಾನಂತೆ. ಅದೂ ಪಕ್ಕದ ಸೀಟಿನದನ್ನು ಮಾತ್ರ. ಚಪ್ಪಲಿಗೆ ತಗುಲಿದ ತೇವವನ್ನು ಮಂಜಿನ ನೀರೆಂದುಕೊಂಡು ಅವಳು ಕಾಲು ಹಿಂದಕ್ಕೆಳೆದುಕೊಂಡಳು.

*

ಅವನಿಗೆ ಕನ್ನಡಕದ ಅಂಗಡಿ. ದಿನವಿಡೀ ಕಂಡವರ ಕಣ್ಣಿನೊಳಗೆ ನೋಡುವುದೇ ಅವನ ಕೆಲಸ. ಫ್ರೇಮು ಸರಿ ಕೂರುತ್ತದೆಯೇ ಎಂದು ನೋಡಲು ಗಲ್ಲ ಹಿಡಿದು ತುಸು ಮೇಲೆತ್ತುತ್ತಾನೆ. ಕಿವಿಯ ಹಿಂದಿನ ಕೂದಲು ಸರಿಸುತ್ತಾನೆ. "ನನ್ನ ಮೂಗು ನೋಡಿ" ಎನ್ನುತ್ತಾನೆ, ಎದುರಿಗಿದ್ದವರ ಎರಡು ಕಣ್ಣುಗಳ ನಡುವಿನ ಅಂತರ ಅಳೆಯಲು.

ಅವಳಿಗೂ ಹಾಗೇ ಹೇಳಿದ್ದ. ಓವನ್ನಿನ ಬಿಸಿಗೆ ಹಳೆಯ ಕನ್ನಡಕದ ಚೌಕಟ್ಟು ಸೊಟ್ಟಗಾಗಿ, ಅವಳು ಮೊದಲ ಬಾರಿ ಆ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಕೂದಲಲ್ಲಿ ಮೈದಾ ಹಿಟ್ಟು ಇನ್ನೂ ಇತ್ತು. "ನನ್ನ ಮೂಗು ನೋಡಿ" ಎಂದಾಗ ನೋಡಿದ್ದಳು. ಅವನು ಮಾತ್ರ ಅಳತೆ ಮರೆತು ಎರಡನೇ ಸಲ ಅಳೆದ. ಆಮೇಲೆ ಮೂರನೇ ಸಲ. "ಯಾಕೆ, ನನ್ನ ಕಣ್ಣು ಓಡಾಡ್ತಿವೆಯಾ?" ಎಂದು ಅವಳು ಕೇಳಿದ್ದಕ್ಕೆ, "ಅವು ಅಲ್ಲೇ ಇವೆ. ನನ್ನ ಕಣ್ಣೇ ಓಡಾಡ್ತಿರೋದು" ಎಂದಿದ್ದ. ಅಲ್ಲಿಗೆ ಮುಗಿದಿತ್ತು ಅವಳ ಕಥೆ.

ಹೀಗೆ ತನಗೆ ಸಿಕ್ಕವನು ಇನ್ನೊಬ್ಬಳಿಗೂ ಹಾಗೇ ಸಿಕ್ಕಬಹುದಲ್ಲ ಎಂಬ ಮುಳ್ಳು ಮದುವೆಯ ದಿನದಿಂದಲೂ ಅವಳೊಳಗೆ ಇತ್ತು. ಇಷ್ಟು ವರ್ಷ ಅದು ತಮಾಷೆಯ ಮುಳ್ಳು. "ಇವತ್ತು ಎಷ್ಟು ಜನರ ಗಲ್ಲ ಹಿಡಿದ್ರಿ?" ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದಳು. "ಒಬ್ಬರದ್ದು ಮಾತ್ರ, ಗಡ್ಡ ಚುಚ್ಚಿತು" ಎನ್ನುತ್ತಿದ್ದ.

ಈಗೀಗ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ಅಂಗಡಿಯ ಹಿಂದಿನ ಕೋಣೆಗೆ ಹೊಸ ಕಣ್ಣಿನ ಡಾಕ್ಟರಮ್ಮ ಬಂದಿದ್ದೇ ಕಾರಣ. ಎತ್ತರದ ಹೆಂಗಸು. ನಕ್ಕರೆ ಕತ್ತು ಹಿಂದಕ್ಕೆ ಚೆಲ್ಲಿ ನಗುವವಳು. ಮನೆ ನಮ್ಮ ದಾರಿಯಲ್ಲೇ ಎಂದು ಅವನು ಸಂಜೆ ಅಂಗಡಿ ಮುಚ್ಚಿ, ಶಾಲೆಯಿಂದ ಮಗಳನ್ನು ಹತ್ತಿಸಿಕೊಂಡು, ಡಾಕ್ಟರಮ್ಮನನ್ನೂ ಬಿಟ್ಟು ಬರುತ್ತಿದ್ದ.

ದಾರಿಯಲ್ಲೇ ಅಂತೆ. ಎರಡು ತಿರುವು ಆಚೆಗಿರುವುದು ಯಾವ ದಾರಿ?

ಮ್ಯಾಟ್ ಹೋದ ಮೇಲೆ ಅವಳ ತಲೆಯೊಳಗೆ ಹುಳ ಬಿಟ್ಟಂತಾಯಿತು. ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿ. ಕಾರಿನ ಮುಂದಿನ ಗಾಜಿಗೆ ಒಳಗಡೆಯಿಂದ ಮಂಜು ಕಟ್ಟುತ್ತಿತ್ತು, ಅದೂ ಪಕ್ಕದ ಸೀಟಿನ ಎದುರಿಗೇ ಹೆಚ್ಚು. ಬಟ್ಟೆಯಿಂದ ಒರೆಸಿದರೆ ಎಣ್ಣೆ ಸವರಿದಂತೆ ಪಸೆ ಉಳಿಯುತ್ತಿತ್ತು. ಬಾಗಿಲು ಮುಚ್ಚಿಕೊಂಡು ಇಬ್ಬರು ತುಂಬ ಹೊತ್ತು ಕೂತು ಉಸಿರಾಡಿದರೆ ಮಾತ್ರ ಗಾಜು ಹಾಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತೆಂದರೆ, ಮದುವೆಗೆ ಮುಂಚೆ ಅವರಿಬ್ಬರೇ ಹಾಗೆ ಕೂತಿದ್ದರು.

ಇನ್ನು ಬೆಳಗಿನ ಕಥೆ. ಅವಳು ಮಗಳ ಜಡೆ ಹಾಕುತ್ತಿರುವಾಗಲೇ ಅವನು ಕೈಚೀಲ ಹಿಡಿದು "ಕಾರು ನೋಡಿ ಬರ್ತೀನಿ" ಎಂದು ಇಳಿದು ಹೋಗುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಕಾರಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಮುಂದಿನ ಭಾಗ ಗೋಡೆಯ ಮರೆ. ಆ ಮರೆಯಲ್ಲಿ ಅವನು ಮಾಯವಾಗಿ, ಹಲ್ಲುಜ್ಜುವಷ್ಟು ಹೊತ್ತಾದ ಮೇಲೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದ. ಯಾರಿಗೆ ಫೋನು? ಯಾವ ಮಾತು?

ಒಂದು ಬೆಳಿಗ್ಗೆ ಅವನು ತಿಂಡಿಗೆ ಕೂತಾಗ, ತಟ್ಟೆ ಇಡುವ ನೆಪದಲ್ಲಿ ಅವಳು ಅವನ ಕೈ ಹಿಡಿದಳು. ಅವನು ಅಚ್ಚರಿಯಿಂದ ಕಣ್ಣೆತ್ತಿದ. ಅವನ ನೋಟದಲ್ಲಿ ಹಳೆಯ ಆಸೆಯೊಂದು ಮಿಣುಕಿತು. ಬೆರಳುಗಳನ್ನು ಅವಳ ಬೆರಳುಗಳೊಳಗೆ ಹೆಣೆಯಲು ಹೊರಟ.

ಅವಳು ಆ ಕೈಯನ್ನು ಮೂಗಿನ ಹತ್ತಿರ ತಂದುಕೊಂಡಳು.

ಅದೇ ವಾಸನೆ.

"ಕೈ ತೊಳ್ಕೊಂಡು ಬನ್ನಿ" ಎಂದು ಕೈ ಬಿಟ್ಟಳು.

*

ಎಷ್ಟು ದಿನ ಅಂತ ಕೆಂಡದ ಮೇಲೆ ಕೂರುವುದು? ಒಂದು ಮಧ್ಯಾಹ್ನ ಬೇಕರಿಯಿಂದ ರಜೆ ಹಾಕಿ, ಕಣ್ಣು ಪರೀಕ್ಷೆ ಮಾಡಿಸಬೇಕೆಂದು ಅಂಗಡಿಗೆ ಹೋದಳು.

ಅವನು ಒಬ್ಬ ಹೆಂಗಸಿಗೆ ಕೆಂಪು ಫ್ರೇಮು ಹಾಕಿಸುತ್ತಿದ್ದ. ಗಲ್ಲದ ಕೆಳಗೆ ಎರಡು ಬೆರಳು. ಹೆಂಡತಿಯನ್ನು ಕಂಡದ್ದೇ ಬೆರಳುಗಳು ಬಿಸಿ ತಟ್ಟೆ ಮುಟ್ಟಿದಂತೆ ಹಿಂದಕ್ಕೆ ಬಂದವು.

"ಏನೇ ಇದು, ಹೇಳದೆ ಕೇಳದೆ?"

"ಯಾಕೆ, ಬರಬಾರದಿತ್ತಾ?"

"ಬರಬಾರದು ಅಂದ್ನಾ? ತಲೆನೋವಾ? ಕಣ್ಣು ಮಂಜಾ?"

"ಇತ್ತೀಚೆಗೆ ಕೆಲವು ವಿಷಯ ಸರಿಯಾಗಿ ಕಾಣ್ತಿಲ್ಲ" ಎಂದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಡಾಕ್ಟರಮ್ಮ ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದಳು. ದೀಪ ಆರಿಸಿ, ಪುಟ್ಟ ಟಾರ್ಚು ಹಿಡಿದು, ಮುಖಕ್ಕೆ ಮುಖ ಹತ್ತಿರ ತಂದಳು. ಇದೇ ಸಮಯ ಎಂದು ಅವಳು ಎದೆ ತುಂಬ ಉಸಿರೆಳೆದಳು. ಆಸ್ಪತ್ರೆಯ ಸೋಪು. ಇಸ್ತ್ರಿಯ ಬಟ್ಟೆ. ಬಾಯಲ್ಲಿ ಪೆಪ್ಪರ್‌ಮಿಂಟು. ಸಾಲದೆಂಬಂತೆ ಇನ್ನೊಮ್ಮೆ ಎಳೆದಳು.

"ನೆಗಡಿನಾ? ತುಂಬ ಮೂಗು ಎಳೀತಿದ್ದೀರಿ."

"ಸ್ವಲ್ಪ."

"ಈ ಚಳೀಲಿ ಆಗದೆ ಇರತ್ತಾ? ನಿಮ್ಮ ಯಜಮಾನ್ರು ದಿನಾ ಡ್ರಾಪ್ ಕೊಡ್ತಾರೆ, ತುಂಬಾ ಒಳ್ಳೆಯವರು. ಆದ್ರೆ ಕಾರಿನ ಕಿಟಕಿ ಮಾತ್ರ ಮುಚ್ಚೋಕೆ ಬಿಡಲ್ಲ. ನಾನು, ನಿಮ್ಮ ಮಗಳು ಇಬ್ಬರೂ ನಡುಗ್ತಾ ಕೂತಿರ್ತೀವಿ. ಮೇಲೆ ನೋಡಿ. ಹಾಂ, ಕಣ್ಣು ಚೆನ್ನಾಗಿದೆ."

ಡಾಕ್ಟರಮ್ಮನ ಮೈಯಲ್ಲಿ ಎಲ್ಲಿಯೂ ಎಳ್ಳಷ್ಟೂ ಆ ಸಿಹಿ ಇರಲಿಲ್ಲ. ಹೊರಗೆ ಬರುವಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಅದಕ್ಕಿಂತ ದೊಡ್ಡ ಕಲ್ಲು ಬಂದು ಕೂತಿತು.

ಇವಳಲ್ಲ. ಹಾಗಾದರೆ ಇನ್ಯಾರು? ಡಾಕ್ಟರಮ್ಮ ಕೂತಿರುವಾಗಲೂ ಯಾರದ್ದೋ ವಾಸನೆ ಓಡಿಸಲು ಕಿಟಕಿ ತೆರೆದಿಡುತ್ತಾನೆ. ಅಂದರೆ ಅವಳಿಗಿಂತ ಮೊದಲೇ ಆ ಸೀಟಿನಲ್ಲಿ ಯಾರೋ ಕೂತಿರುತ್ತಾರೆ. ಮುಖವಿದ್ದ ಸವತಿಯ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಮುಖವಿಲ್ಲದವಳ ಜೊತೆ ಜಗಳ ಆಡುವುದು ಹೇಗೆ?

ನಾಳೆ ಸಂಜೆ ಕೇಳಿಯೇ ಬಿಡುವುದು ಎಂದು ನಿರ್ಧಾರ ಮಾಡಿದಳು. ಹೌದು ಅಂದರೆ ಮಗಳನ್ನು ಕರೆದುಕೊಂಡು ಅಮ್ಮನ ಮನೆ. ಇಲ್ಲ ಅಂದರೆ? ಇಲ್ಲ ಅಂದರೆ ನಂಬುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

*

ಮರುದಿನ ಬೇಕರಿಯ ವ್ಯಾನು ಬೇರೆ ಕಡೆ ಹೋಗಿತ್ತು. ಮದುವೆಯೊಂದಕ್ಕೆ ಮೂರಂತಸ್ತಿನ ಕೇಕು ತಲುಪಿಸಬೇಕಿತ್ತು. ಅವಳು ಗಂಡನ ಅಂಗಡಿಗೆ ಹೋಗಿ ಬೀಗದ ಕೈ ಕೇಳಿದಳು.

"ಕಾರಾ?" ಅವನ ಮುಖ ಬಿಳಿಚಿತು. "ಬೇಡ. ಟ್ಯಾಕ್ಸಿ ತಗೋ."

"ಮೂರಂತಸ್ತಿನ ಕೇಕನ್ನ ತೊಡೆ ಮೇಲೆ ಇಟ್ಕೊಂಡು ಹೋಗ್ಲಾ? ಯಾಕೆ, ಕಾರಲ್ಲಿ ಏನಿದೆ?"

"ಏನೂ ಇಲ್ಲ."

"ಹಾಗಾದ್ರೆ ಕೊಡಿ."

ಕೊಟ್ಟ. ಕೊಡುವಾಗ ಅವನ ಕಣ್ಣು ಅವಳ ಕಣ್ಣನ್ನು ತಪ್ಪಿಸಿತು. "ನಿಧಾನ ಹೋಗು. ಮುಳ್ಳು ನೋಡ್ತಿರು" ಎಂದ. ಯಾವ ಮುಳ್ಳು ಎಂದು ಅವಳು ಕೇಳಲಿಲ್ಲ. ಚುಚ್ಚುತ್ತಿದ್ದ ಮುಳ್ಳು ಅವಳಿಗೆ ಗೊತ್ತಿತ್ತು.

ಕೇಕು ತಲುಪಿಸಿ, ಕೆನೆಯ ಮೇಲಿನ ಸಕ್ಕರೆ ಗುಲಾಬಿಗಳನ್ನು ನೆಟ್ಟಗೆ ಮಾಡಿ, ಮದುಮಗಳ ನಗು ನೋಡಿ, ವಾಪಸು ಬರುವಾಗ ಚಳಿಗೆಂದು ಹೀಟರ್ ಹಾಕಿದಳು.

ಒಂದು ಕ್ಷಣ, ಅಷ್ಟೇ. ತೂತುಗಳಿಂದ ಬಿಸಿ ಗಾಳಿಯ ಜೊತೆ ಆ ಸಿಹಿ ವಾಸನೆ ಭುಸ್ಸೆಂದು ಅವಳ ಮುಖಕ್ಕೇ ರಾಚಿತು. ಮುಂದಿನ ಗಾಜು ಬೆಳ್ಳಗೆ ಮುಚ್ಚಿಕೊಂಡಿತು. ರಸ್ತೆ ಕಾಣಲಿಲ್ಲ. ಕೈಯಿಂದ ಗಾಜು ಒರೆಸಿಕೊಂಡು ಬದಿಗೆ ತಂದು ನಿಲ್ಲಿಸುವಷ್ಟರಲ್ಲಿ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಆವಿ ಏಳುತ್ತಿತ್ತು.

ಪುಣ್ಯಕ್ಕೆ ಆ ತಿರುವಿನಲ್ಲೇ ಬೋಲ್ಟುವಿನ ಗ್ಯಾರೇಜು.

ಬೋಲ್ಟು ಅವಳ ಅಮ್ಮನ ಮನೆಯ ಪಕ್ಕದ ಮನೆಯವನು. ಅವಳೊಡನೆ ಗೋಲಿ ಆಡಿ ಬೆಳೆದವನು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ ಕಾರಣಕ್ಕೆ ಚಿಕ್ಕಂದಿನಲ್ಲೇ ಬಿದ್ದ ಹೆಸರು ಅದು. ಈ ಕಾರು ಕೊಳ್ಳುವಾಗ ಪರೀಕ್ಷೆ ಮಾಡಿ "ತಗೊಳ್ಳಿ ಭಾವ" ಎಂದವನೂ ಅವನೇ. ಆವಿ ಕಂಡು ಓಡಿ ಬಂದ.

"ಮುಚ್ಚಳ ಮುಟ್ಟಬೇಡ! ಬಿಸಿ ಇರುವಾಗ ತೆಗೆದ್ರೆ ಮುಖ ಬೆಂದು ಹೋಗತ್ತೆ. ಇಳಿ ಲೇ, ತಳ್ಳೋಣ."

ಇಬ್ಬರೂ ತಳ್ಳಿ ಕಾರನ್ನು ಗ್ಯಾರೇಜಿನೊಳಗೆ ಸೇರಿಸಿದರು. ಅವಳು ಗಂಡನಿಗೆ ಫೋನು ಮಾಡಿದಳು. "ಕಾರು ನಿಂತೋಯ್ತು. ಬೋಲ್ಟು ಗ್ಯಾರೇಜಲ್ಲಿದ್ದೀನಿ. ಪುಟ್ಟೀನ ಶಾಲೆಯಿಂದ ನೀವೇ ಕರ್ಕೊಂಡ್ ಬನ್ನಿ."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಆಮೇಲೆ, "ಬೋಲ್ಟು ಹತ್ರಾನಾ? ಅವನಿಗೆ ಏನೂ ಮುಟ್ಟೋಕೆ ಬಿಡಬೇಡ. ನಾನು ಬರ್ತೀನಿ, ಬಂದೆ!"

ಅವಳು ಫೋನನ್ನೇ ನೋಡಿದಳು. ಇಷ್ಟು ಗಾಬರಿ ಯಾಕೆ? ಕಾರಿನೊಳಗೆ ಏನು ಅಡಗಿಸಿದ್ದಾನೆ?

"ಬೋಲ್ಟು" ಎಂದಳು, ಹಲ್ಲು ಕಚ್ಚಿ, "ಎಲ್ಲ ಬಿಚ್ಚು. ಒಂದು ಸ್ಕ್ರೂನೂ ಬಿಡಬೇಡ."

"ಕಾರು ಏನು ತಪ್ಪು ಮಾಡ್ತೇ ನಿನಗೆ?"

ಅವಳು ಆಗಲೇ ಡಿಕ್ಕಿ ತೆರೆದಿದ್ದಳು. ಹಳೆಯ ಕಂಬಳಿ ಎಳೆದಳು. ಅದರ ಹಿಂದೆ ನೀರಿನ ಬಾಟಲಿಗಳು, ಸಾಲಾಗಿ, ತುಂಬಿದ್ದವು ಕೆಲವು, ಖಾಲಿಯಾದವು ಹಲವು. ಪಕ್ಕದಲ್ಲಿ ಪುಟ್ಟ ಕೊಳವೆ. ಮಡಿಸಿಟ್ಟ ಮ್ಯಾಟ್. ಪ್ರೇಮಪತ್ರ ಸಿಕ್ಕಿದ್ದರೆ ಅರ್ಥವಾಗುತ್ತಿತ್ತು. ಇದೇನಿದು?

*

ಎಂಜಿನ್ ತಣ್ಣಗಾದ ಮೇಲೆ ಬೋಲ್ಟು ಬಾನೆಟ್ಟಿನೊಳಗಿನ ನೀರಿನ ತೊಟ್ಟಿಯ ಮುಚ್ಚಳ ತಿರುಗಿಸಿದ. ಒಳಗೆ ಇಣುಕಿ, ಬೆರಳು ಅದ್ದಿ, ಲೊಚಗುಟ್ಟಿದ.

"ಹಸಿರು ಇರಬೇಕಿತ್ತು, ಬಣ್ಣವೇ ಇಲ್ಲ. ಇರೋ ಒಂಚೂರೂ ಹೆಚ್ಚುಕಮ್ಮಿ ನೀರೇ. ಯಾರೋ ಪುಣ್ಯಾತ್ಮ ದಿನಾ ಇದಕ್ಕೆ ನೀರು ಕುಡಿಸಿದ್ದಾನೆ."

ಅವಳ ಕಣ್ಣು ಡಿಕ್ಕಿಯ ಕಡೆ ಹೋಯಿತು.

ಬೋಲ್ಟು ತೊಟ್ಟಿ ತುಂಬಿಸಿ, ಅದರ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಪಂಪಿನ ಮೇಲಿನ ಮುಳ್ಳು ಏರಿ ನಿಂತು, ಮೆಲ್ಲಗೆ ಇಳಿಯತೊಡಗಿತು. ಎಲ್ಲೋ ಸೋರುತ್ತಿತ್ತು. ಅವನು ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟ. ರೇಡಿಯೇಟರ್ ಒಣಗಿತ್ತು, ಪೈಪುಗಳು ಒಣಗಿದ್ದವು, ನೆಲದ ಮೇಲೆ ಒಂದು ಹನಿಯೂ ಇಲ್ಲ.

"ಹೊರಗೆ ಬೀಳ್ತಿಲ್ಲ. ಅಂದ್ರೆ ಒಳಗೆ ಬೀಳ್ತಿದೆ" ಎಂದು ಎದ್ದು, ಪಕ್ಕದ ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿದ. ಪಚಕ್ಕೆಂದು ನೀರು ಬೆರಳ ಮೇಲೆ ಬಂತು. ಎರಡು ಬೆರಳು ಉಜ್ಜಿ ನೋಡಿ ಅವಳ ಮುಂದೆ ಹಿಡಿದ. "ಜಿಗುಟು. ಮೂಸು."

ಅವಳು ಮೂಸಿದಳು.

ಸಿಹಿ. ಕಂದು ಬಣ್ಣಕ್ಕೆ ತಿರುಗುವ ಪಾಕದ ಆವಿ. ಹಿಂದೆ ಔಷಧಿಯ ಎಳೆ.

"ಏನೋ ಇದು?"

"ಕೂಲಂಟು. ಎಂಜಿನ್ ತಣ್ಣಗಿಡೋಕೆ ಹಾಕೋ ದ್ರವ. ಅದರ ವಾಸನೆ ಹೀಗೇ. ನೆಕ್ಕಬೇಡ, ವಿಷ. ಹೀಟರಿಗೆ ಬಿಸಿನೀರು ಹೋಗೋ ಪೈಪು ಈ ಡ್ಯಾಶ್‌ಬೋರ್ಡ್ ಹಿಂದೆ ಇದೆ. ಅಲ್ಲಿಂದ ಸೋರಿದ್ರೆ ಕಾರ್ಪೆಟ್ ನೆನೆಯತ್ತೆ, ಗಾಜಿಗೆ ಜಿಡ್ಡು ಮಂಜು ಕೂರತ್ತೆ, ಕಾರೆಲ್ಲ ಸಿಹಿ ನಾತ. ಯಾಕೆ, ನೀನೇನು ಅಂದ್ಕೊಂಡಿದ್ದೆ?"

ಅವಳು ಇನ್ನೊಮ್ಮೆ ಬೆರಳು ಮೂಸಿದಳು. ಬಾಯಿ ತೆರೆದರೆ ನಗು ಬರುವುದೋ ಅಳು ಬರುವುದೋ ಗೊತ್ತಿರಲಿಲ್ಲ.

"ಹೀಟರೇ ತೂತಾಗಿದ್ರೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಬರೀ ಜಾಯಿಂಟ್ ಆಗಿದ್ರೆ ನಿನ್ನ ಅದೃಷ್ಟ." ಪಕ್ಕದ ಹೊದಿಕೆ ಬಿಚ್ಚಿ, ಬೋಲ್ಟು ಕಾಲಿಡುವ ಜಾಗಕ್ಕೆ ತಲೆ ತೂರಿಸಿದ. "ಎರಡು ಪೈಪು, ನಾಲ್ಕು ಜಾಯಿಂಟು. ಎಲ್ಲ ಒದ್ದೆ. ಎಲ್ಲಿಂದ ಶುರು ಅಂತ ಕಾಣ್ತಿಲ್ವಲ್ಲ."

"ಸರಿ, ನಾನು ನೋಡ್ತೀನಿ."

"ನೀನು ಏನು ನೋಡ್ತೀಯ?"

"ಮೂಸ್ತೀನಿ."

ಅವಳೂ ತಲೆ ತೂರಿಸಿದಳು. ಕಣ್ಣು ಮುಚ್ಚಿದಳು. ಇಷ್ಟು ದಿನ ದಾರಿ ತಪ್ಪಿಸಿದ್ದ ಮೂಗು ಈಗ ಒಂದೊಂದೇ ಜಾಯಿಂಟಿನ ಮೇಲೆ ಹೋಗಿ, ಮೇಲಿನ ಒಳಗಡೆಯದರ ಮುಂದೆ ನಿಂತಿತು. "ಇದು." ಬೋಲ್ಟು ಅಲ್ಲಿ ಒರೆಸಿ ಟಾರ್ಚು ಹಿಡಿದ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಕಣ್ಣೀರಿನಂಥ ಒಂದು ಹನಿ ಮೆಲ್ಲಗೆ ಮೂಡಿ, ದುಂಡಗಾಗಿ, ಜಾರಿತು.

"ಅಯ್ಯೋ ನಿನ್ನ! ರಬ್ಬರ್ ರಿಂಗು ಕಲ್ಲಾಗಿದೆ. ಅಷ್ಟೇ ಕಣೇ. ಇಷ್ಟೇ ಇಷ್ಟು ರಿಂಗು!"

ಆಗ ನಗು ಬಂತು. ತಡೆದರೂ ನಿಲ್ಲದ ನಗು. ಇಷ್ಟೇ ಇಷ್ಟು ರಿಂಗಿಗಾಗಿ ತಾನು ಡಾಕ್ಟರಮ್ಮನನ್ನು ಮೂಸಿದ್ದು, ಅಮ್ಮನ ಮನೆಗೆ ಹೊರಟಿದ್ದು, ಮುಖವೇ ಇಲ್ಲದ ಸವತಿಯನ್ನು ಶಪಿಸಿದ್ದು! ಅವಳು ಡ್ಯಾಶ್‌ಬೋರ್ಡಿನ ಕೆಳಗೇ ಹೊಟ್ಟೆ ಹಿಡಿದುಕೊಂಡಳು. ಕಾರಣ ಗೊತ್ತಿಲ್ಲದ ಬೋಲ್ಟುವೂ ಸುಮ್ಮನೆ ಜೊತೆಗೆ ನಕ್ಕ.

"ಅಮ್ಮ ಯಾಕೆ ನಗ್ತಾ ಅಳ್ತಿದ್ದಾಳೆ?" ಮಗಳ ದನಿ.

ಅವಳು ತಲೆಯೆತ್ತಿದಳು. ಟ್ಯಾಕ್ಸಿ ಇಳಿದು ಬಂದ ಗಂಡ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ನೋಡುತ್ತಿದ್ದದ್ದು ಕಾರನ್ನಲ್ಲ. ಒಂದೇ ಟಾರ್ಚಿನ ಬೆಳಕಿನಲ್ಲಿದ್ದ ಎರಡು ತಲೆಗಳನ್ನು. ದವಡೆ ಬಿಗಿದಿತ್ತು. ಕನ್ನಡಕದ ಹಿಂದಿನ ಕಣ್ಣುಗಳಲ್ಲಿ ಎಂಥದೋ ಉರಿ.

ಆ ಮುಖ ಅವಳಿಗೆ ಹೊಸದಲ್ಲ. ಇಷ್ಟು ದಿನ ಬಚ್ಚಲುಮನೆಯ ಕನ್ನಡಿಯಲ್ಲಿ ಅವಳು ನೋಡುತ್ತಿದ್ದದ್ದು ಅದೇ ಮುಖ.

ಅವಳ ನಗು ಥಟ್ಟನೆ ನಿಂತಿತು.

"ಬನ್ನಿ ಭಾವ" ಎಂದ ಬೋಲ್ಟು, ಏನೂ ಅರಿಯದೆ. "ನೀರು ಕುಡಿಸಿದ ಪುಣ್ಯಾತ್ಮ ನೀವೇನಾ? ಮೊದಲನೇ ದಿನವೇ ತಂದಿದ್ರೆ ಚಹಾ ಕುಡಿಯೋದ್ರೊಳಗೆ ಮುಗಿಸಿ ಕಳಿಸ್ತಿದ್ದೆ."

ಗಂಡನಿಗಿಂತ ಮೊದಲು ಮಗಳು ಮಾತಾಡಿದಳು. "ಡಾಕ್ಟರ್ ಆಂಟೀನೂ ಅದೇ ಹೇಳಿದ್ರು ಮಾಮ. ಮುಂದೆ ಕೂತ್ರೆ ಶೂ ಒದ್ದೆಯಾಗತ್ತೆ ಅಂತ ಅವರು ಹಿಂದೆ ನನ್ನ ಪಕ್ಕಾನೇ ಕೂರ್ತಾರೆ. ಅಪ್ಪ ಮಾತ್ರ, ಅಮ್ಮಂಗೆ ಹೇಳ್ಬೇಡ, ಅಮ್ಮ ಬೋಲ್ಟು ಮಾಮನ ಹತ್ರ ಹೋಗು ಅಂತಾಳೆ ಅಂತ!"

ಬೋಲ್ಟು ಅವನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಬಹಳ ಶ್ರದ್ಧೆಯಿಂದ ಹೊಸ ರಿಂಗು ಹುಡುಕತೊಡಗಿದ.

*

ರಿಂಗು ಕೂತಿತು. ಕ್ಲಿಪ್ಪು ಬಿಗಿಯಾಯಿತು. ಹಳೇ ನೀರು ಹೊರಗೆ ಹೋಗಿ, ಹಸಿರು ಕೂಲಂಟು ಒಳಗೆ ಬಂತು. ಕೈಪಂಪಿನ ಮುಳ್ಳು ಈ ಬಾರಿ ಏರಿದ ಜಾಗದಲ್ಲೇ ನಿಂತಿತು.

"ಇನ್ನು ಒಂದೇ ಕೆಲಸ" ಎಂದ ಬೋಲ್ಟು. "ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿರತ್ತೆ. ಅದು ಹೊರಗೆ ಬರೋವರೆಗೂ ಎಂಜಿನ್ ಓಡಬೇಕು, ಹೀಟರ್ ಫುಲ್ ಇಡಬೇಕು. ನಾನು ಇಲ್ಲಿ ಗುಳ್ಳೆ ನೋಡ್ತೀನಿ. ನೀವಿಬ್ರೂ ಒಳಗೆ ಕೂತು ಮುಳ್ಳು ನೋಡಿ. ರೇಡಿಯೇಟರ್ ಫ್ಯಾನು ಶುರುವಾದ್ರೆ ಮುಗೀತು, ಆರಿಸಿ. ಪುಟ್ಟಿ, ನೀನು ಬಾ, ಗುಳ್ಳೆ ಲೆಕ್ಕ ಹಾಕು."

ಬಾಗಿಲು ಮುಚ್ಚಿತು. ಎತ್ತಿದ ಬಾನೆಟ್ಟು ಪರದೆಯ ಹಾಗೆ ಮುಂದಿನ ನೋಟವನ್ನು ಮುಚ್ಚಿತ್ತು. ಹೀಟರಿನ ಬಿಸಿ ಗಾಳಿ ಇಬ್ಬರ ಮೊಣಕಾಲ ಮೇಲೆ ಬೀಸಿತು. ಒದ್ದೆ ಕಾರ್ಪೆಟ್ಟಿನಿಂದ ಆವಿ ಏಳತೊಡಗಿತು.

"ಮೊದಲು ನೀನು ಹೇಳು" ಎಂದ.

"ಏನು?"

"ಅಷ್ಟೊಂದು ನಗು ಯಾಕೆ ಬಂತು ಅವನ ಜೊತೆ?"

"ನೀವು ಮೊದಲು ಹೇಳಿ. ದಿನಾ ಬೆಳಿಗ್ಗೆ ಕದ್ದು ನೀರು ಹಾಕಿದ್ದು ಯಾಕೆ?"

ಅವನು ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಉಜ್ಜಿದ. "ಇಲ್ಲಿಗೆ ತರಬಾರದು ಅಂತ. ಬೇರೆ ಗ್ಯಾರೇಜಿಗೆ ಹೋದ್ರೆ ನೀನು ಯಾಕೆ ಅಂತ ಕೇಳ್ತೀಯ. ಅದಕ್ಕೆ ಎಲ್ಲಿಗೂ ಹೋಗಲಿಲ್ಲ."

"ಬೋಲ್ಟು ಏನು ಮಾಡಿದ ನಿಮಗೆ?"

"ಏನೂ ಮಾಡಿಲ್ಲ. ಅದೇ ಕಷ್ಟ." ಅವನ ದನಿ ಇಳಿಯಿತು. "ಈ ಕಾರು ತಗೊಂಡ ದಿನ ಊಟಕ್ಕೆ ಬಂದಿದ್ನಲ್ಲ. ಚಿಕ್ಕವಳಿದ್ದಾಗ ನೀನು, ಬೋಲ್ಟೂನೇ ಮದುವೆ ಆಗೋದು ಅಂತ ಬೀದಿಗೆಲ್ಲ ಸಾರಿದ್ದೆ ಅಂತ ಹೇಳಿ ನಕ್ಕ. ನೀನೂ ನಕ್ಕೆ. ಚಮಚ ಕೈಯಿಂದ ಬೀಳೋಷ್ಟು. ನನ್ನ ಜೊತೆ ನೀನು ಯಾವತ್ತೂ ಹಾಗೆ ನಕ್ಕಿಲ್ಲ."

"ಆಗ ನನಗೆ ಐದು ವರ್ಷ ರೀ!"

"ಗೊತ್ತು."

"ಅವನು ನಿಮ್ಮನ್ನ ಭಾವ ಅಂತಾನೆ. ಯಾರನ್ನ ಭಾವ ಅಂತಾರೆ? ಅಕ್ಕನ ಗಂಡನ್ನ!"

"ಅದೂ ಗೊತ್ತು. ತಲೆಗೆ ಗೊತ್ತು." ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಇಲ್ಲಿಗೆ ಯಾರು ಹೇಳ್ಬೇಕು?"

ಎಷ್ಟೋ ವರ್ಷಗಳಿಂದ ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದ ಮುಳ್ಳು, ಪಕ್ಕದ ಸೀಟಿನಲ್ಲೂ ಒಂದಿತ್ತು.

"ಈಗ ನೀನು ಹೇಳು" ಎಂದ ಮತ್ತೆ.

ಹೇಳಿದಳು. ಪರಿಮಳದಿಂದ ಶುರುಮಾಡಿ ಮ್ಯಾಟು, ಗಾಜಿನ ಮಂಜು, ಬೆಳಗಿನ ಕೈಚೀಲ, ಎಲ್ಲ. ಅವನ ಬೆರಳು ಮೂಸಿದ್ದು. ಡಾಕ್ಟರಮ್ಮನನ್ನು ಮೂಸಿದ್ದನ್ನು ಹೇಳುವಾಗ ಅವನ ಭುಜ ಕುಣಿಯತೊಡಗಿತು. ಅಮ್ಮನ ಮನೆಗೆ ಹೋಗುವ ನಿರ್ಧಾರಕ್ಕೆ ಬಂದಾಗ ಆ ಕುಣಿತ ನಿಂತಿತು.

"ಹೋಗಿಬಿಡ್ತಿದ್ದೆಯಾ?"

"ಹೋಗ್ತಿದ್ದೆ. ಅಲ್ಲಿ ಕೂತು ನೀವು ಯಾವಾಗ ಬರ್ತೀರೋ ಅಂತ ಬಾಗಿಲು ಕಾಯ್ತಿದ್ದೆ."

ಅವನು ತಿರುಗಿ ಅವಳನ್ನು ನೋಡಿದ. ನೋಡಿದನೋ ಇಲ್ಲವೋ, ತಿಳಿಯುವಂತಿರಲಿಲ್ಲ. ಕಾರ್ಪೆಟ್ಟಿನ ಆವಿಗೆ ಅವನ ಕನ್ನಡಕ ಪೂರ್ತಿ ಬೆಳ್ಳಗಾಗಿತ್ತು.

"ದಿನಕ್ಕೆ ಎಷ್ಟೋ ಕಣ್ಣು ಅಳೀತೀನಿ" ಎಂದ, ಆ ಮಂಜಿನ ಹಿಂದಿನಿಂದ. "ರಾತ್ರಿಗೆ ಒಂದೂ ನೆನಪಿರಲ್ಲ. ಒಂದನ್ನು ಬಿಟ್ಟು. ಅರವತ್ತೊಂದೂವರೆ."

"ಏನದು?"

"ನಿನ್ನ ಅಳತೆ. ಒಂದು ಕಣ್ಣಿಂದ ಇನ್ನೊಂದಕ್ಕೆ. ಮೊದಲ ಸಲವೇ ಸರಿಯಾಗಿ ಬಂದಿತ್ತು. ಉಳಿದ ಎರಡು ಸಲ ಸುಮ್ಮನೆ ಅಳೆದದ್ದು."

ಅವಳು ಕೈ ಚಾಚಿ ಅವನ ಕನ್ನಡಕ ತೆಗೆದಳು. ಅದಿಲ್ಲದಿದ್ದರೆ ಅವನ ಮುಖ ಸ್ನಾನ ಮಾಡಿಸಿದ ಮಗುವಿನ ಮುಖದ ಹಾಗೆ. ರೆಪ್ಪೆ ಕಿರಿದಾಗಿ, ಹುಬ್ಬು ಮೇಲಾಗಿ, ಎಲ್ಲಿ ನೋಡಬೇಕೆಂದು ತಿಳಿಯದ ಕಣ್ಣು. ಗಾಜನ್ನು ತನ್ನ ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಆಮೇಲೆ ಎರಡು ಬೆರಳು ಅವನ ಗಲ್ಲದ ಕೆಳಗಿಟ್ಟು ತುಸು ಮೇಲೆತ್ತಿದಳು.

"ನನ್ನ ಮೂಗು ನೋಡಿ" ಎಂದಳು.

"ಏನೂ ಕಾಣ್ತಿಲ್ಲ ಕಣೇ. ಹತ್ತಿರ ಬಾ."

ಹತ್ತಿರ ಬಂದಳು. ಅವನ ಕೊರಳಿನಲ್ಲಿ ಕೂಲಂಟಿನ ಸಿಹಿಯಿತ್ತು, ಕೆಳಗೆ ಅವನದೇ ವಾಸನೆಯಿತ್ತು. ಕನ್ನಡಕ ಒರೆಸುವ ಮೃದು ಬಟ್ಟೆಯದು, ಹಳೆಯ ಸ್ವೆಟರಿನದು. ಇದೊಂದನ್ನು ಹುಡುಕಿದ್ದರೆ ಸಾಕಿತ್ತು, ಎಂದುಕೊಂಡಳು. ಆಮೇಲೆ ಏನನ್ನೂ ಅಂದುಕೊಳ್ಳಲಿಲ್ಲ.

ಟಕ್ ಟಕ್ ಎಂದು ಕಿಟಕಿಯ ಗಾಜು ಬಡಿದ ಸದ್ದಿಗೆ ಇಬ್ಬರೂ ಬೆಚ್ಚಿಬಿದ್ದರು. ಸುತ್ತಲಿನ ಗಾಜುಗಳೆಲ್ಲ ಬೆಳ್ಳಗಾಗಿದ್ದವು. ಆಚೆ ಬೋಲ್ಟುವಿನ ಗಾಬರಿಯ ನೆರಳು ಕುಣಿಯುತ್ತಿತ್ತು.

"ಫ್ಯಾನು ಶುರುವಾಗಿ, ನಿಂತು, ಮತ್ತೆ ಶುರುವಾಯ್ತು! ಆರಿಸಿ ಅಂದ್ರೆ ಕೇಳಲ್ವಾ? ಅಯ್ಯೋ, ಗಾಜೆಲ್ಲ ಮಂಜು ಕಟ್ಟಿದೆಯಲ್ಲ! ಮತ್ತೆ ಲೀಕಾ?"

ಅವಳು ಅವನತ್ತ ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಆರಿಸಿದಳು. ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದಳು.

"ಇದು ಲೀಕಲ್ಲ ಬೋಲ್ಟು."

"ಮತ್ತಿನ್ನೇನು?"

ಅವಳು ಗಂಡನ ಕಡೆ ತಿರುಗಿದಳು. ಅವನು ಕನ್ನಡಕವಿಲ್ಲದ ಮುಖದಲ್ಲಿ ಕಿವಿಯವರೆಗೆ ಕೆಂಪಾಗಿದ್ದ. ಆ ಮುಖ ನೋಡಿದ್ದೇ ಅವಳಿಗೆ ನಗು ಬಂತು. ಮ್ಯಾಟಿಲ್ಲದ ನೆಲಕ್ಕೆ ಕಾಲು ಬಡಿದುಕೊಂಡು, ಉಸಿರು ಸಿಗದೆ, ಕೈಯಲ್ಲಿದ್ದ ಅವನ ಕನ್ನಡಕ ಜಾರಿ ತೊಡೆಯ ಮೇಲೆ ಬೀಳುವಷ್ಟು ನಗು.

ಅವನು ಆ ನಗುವನ್ನು ಕಣ್ಣು ಕಿರಿದು ಮಾಡಿಕೊಂಡು, ಮೊದಲ ಸಲ ಕೇಳುತ್ತಿರುವವನ ಹಾಗೆ ಕೇಳಿದ.